ಸೋಪಿನ ಡಬ್ಬಿಯ ಮುಚ್ಚಳ

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯದ ಸುತ್ತ ಇದ್ದವು. ಬದುಕಿರುವ ಕಲಾವಿದರ ಬಾಳನ್ನು ಕತೆ, ಕಾದಂಬರಿ ಮಾಡುವ ವಿಷಯ. ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಈ ಮೂರನ್ನೇ ತೆಗೆದುಕೊಂಡಿದ್ದೇನೆ. ಬರೆದವರ ಹೆಸರು ಬೇಕೆಂದೇ ಹಾಕಿಲ್ಲ.

ಪ್ರಶ್ನೆ: ಅಮ್ಮಾ, ನಮಸ್ಕಾರ. ನಾನು ಕರಾವಳಿಯವನು, ಬ್ಯಾಂಕಿನಲ್ಲಿ ಕೆಲಸ. ಯಕ್ಷಗಾನದ ಬಡಗುತಿಟ್ಟಿನ (ಉತ್ತರದ ಶೈಲಿಯ) ಒಬ್ಬ ಹಿರಿಯ ಸ್ತ್ರೀವೇಷಧಾರಿಯ ಬದುಕನ್ನು ಇಟ್ಟುಕೊಂಡು ಕಾದಂಬರಿ ಬರೆದಿದ್ದೇನೆ. ಅವರಿಗೀಗ 78 ವರ್ಷ. ನನ್ನ ಅಪ್ಪ ಅದೇ ಮೇಳದಲ್ಲಿ ಮದ್ದಲೆ ಬಾರಿಸುತ್ತಿದ್ದರು. ತಿರುಗಾಟದ ಕತೆಗಳನ್ನೆಲ್ಲ ಅಪ್ಪನ ಬಾಯಿಂದಲೇ ಕೇಳಿದ್ದು. ಆ ಕಲಾವಿದರ ಸಂಸಾರದ ಒಂದು ಗುಟ್ಟನ್ನೂ ಅಪ್ಪ ಹೇಳಿದ್ದರು. ಕಾದಂಬರಿಯ ಜೀವಾಳ ಅದೇ. ಹೆಸರು ಬದಲಿಸಿದ್ದೇನೆ, ಊರೂ ಬದಲಿಸಿದ್ದೇನೆ. ಅಷ್ಟು ಸಾಕಲ್ವಾ? ಅವರನ್ನು ಕೇಳಲೇಬೇಕಾ? ಕೇಳಿದರೆ ಬೇಡ ಅಂದುಬಿಡುತ್ತಾರೆ ಎಂಬ ಹೆದರಿಕೆ ಇದೆ.

ಉತ್ತರ: ನಿಮ್ಮ ಪತ್ರದಲ್ಲಿ ಮೇಳದ ಹೆಸರಿತ್ತು. ಅವರಿಗೆ ಹೆಸರು ತಂದುಕೊಟ್ಟ ಪಾತ್ರ ಯಾವುದು ಎಂದಿತ್ತು. ಗುಟ್ಟು ಏನೆಂಬುದೂ ಇತ್ತು. ಅವನ್ನೆಲ್ಲ ತೆಗೆದು ಪ್ರಕಟಿಸಿದ್ದೇನೆ. ಕಲಾವಿದರ ಹೆಸರನ್ನು ಮಾತ್ರ ನೀವು ಬರೆದಿರಲಿಲ್ಲ. ನಾನು ಧಾರವಾಡದವಳು, ಯಕ್ಷಗಾನ ನೋಡಿದ್ದು ತೀರಾ ಕಡಿಮೆ. ಕುಂದಾಪುರದ ಗೆಳತಿಗೆ ಫೋನ್ ಮಾಡಿ ಆ ಪಾತ್ರದ ಹೆಸರು, ಮೇಳದ ಹೆಸರು ಎರಡನ್ನೇ ಹೇಳಿದೆ. ನನ್ನ ಮಾತು ಮುಗಿಯುವ ಮೊದಲೇ ಅವಳು ಕಲಾವಿದರ ಹೆಸರು ಹೇಳಿಬಿಟ್ಟಳು. ಹೆಸರು ಬದಲಿಸಿದರೆ ಸಾಕಾ ಎಂದು ಕೇಳಿದಿರಿ. ಸಾಕಾಗುವುದಿಲ್ಲ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. 1990ರ ದಶಕದಲ್ಲಿ ಒಂದು ಕಾದಂಬರಿ ಬರೆದೆ. ನಾಟಕ ಕಂಪನಿಯ ಪೇಟಿ ಮಾಸ್ತರರೊಬ್ಬರು ಅದರ ನಾಯಕ. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅನ್ನುತ್ತೇವೆ. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬಂದು ಕ್ಯಾಂಪ್ ಹಾಕುತ್ತವಲ್ಲ, ಅಲ್ಲಿ ನನಗೆ ಆ ಮಾಸ್ತರರ ಪರಿಚಯ. ಏಳೆಂಟು ರಾತ್ರಿ ಅವರ ಪಕ್ಕದಲ್ಲೇ ಒಂದು ಮಡಿಸುವ ಕುರ್ಚಿ ಹಾಕಿಕೊಂಡು ಕೂತಿದ್ದೆ. ಅವರದು ಕಾಲಿನಿಂದ ಗಾಳಿ ತುಂಬುವ ದೊಡ್ಡ ಪೇಟಿ. ಅದರ ಒಂದು ಬಿಳಿ ಪಟ್ಟಿ ಎಂದೋ ಕಿತ್ತುಹೋಗಿತ್ತು. ಆ ಜಾಗಕ್ಕೆ ಗುಲಾಬಿ ಬಣ್ಣದ ಸೋಪಿನ ಡಬ್ಬಿಯ ಮುಚ್ಚಳವನ್ನು ಕತ್ತರಿಸಿ, ಅಂಚು ಉಜ್ಜಿ, ಅಂಟಿಸಿಕೊಂಡಿದ್ದರು. ರಂಗದ ದೀಪ ಬಿದ್ದಾಗ ಬಿಳಿ ಸಾಲಿನ ನಡುವೆ ಅದೊಂದೇ ಹೊಳೆಯುತ್ತಿತ್ತು. ಸುಮ್ನೆ ನೋಡುತ್ತಾ ಕೂತುಬಿಡುತ್ತಿದ್ದೆ.

ಕಾದಂಬರಿಯಲ್ಲಿ ಮಾಸ್ತರರ ಹೆಸರು ಬದಲಿಸಿದೆ. ಜಾತಿ ಬದಲಿಸಿದೆ. ಗದಗಿನ ಕಡೆಯವರನ್ನು ವಿಜಯಪುರದ ಕಡೆಗೆ ಕಳಿಸಿದೆ. ಆದರೆ ಆ ಗುಲಾಬಿ ಪಟ್ಟಿಯನ್ನು ಬಿಡಲಿಕ್ಕೆ ಮನಸ್ಸು ಬರಲಿಲ್ಲ. ಅದನ್ನು ಹಾಗೇ ಬರೆದೆ. ಅವರು ಕುಡಿಯುತ್ತಿದ್ದರು, ಅದನ್ನೂ ಬರೆದೆ. ಆಮೇಲೆ ಹನ್ನೊಂದನೇ ಅಧ್ಯಾಯಕ್ಕೆ ನಾಯಕನ ಒಂದು ದೊಡ್ಡ ಸೋಲು ಬೇಕೆನಿಸಿತು. ಕುಡಿತದ ಸಾಲಕ್ಕೆ ಅವನು ಪೇಟಿಯನ್ನೇ ಅಡವಿಟ್ಟ ಎಂದು ಬರೆದೆ. ಅದು ಪೂರಾ ನನ್ನ ಕಲ್ಪನೆ. ಬರೆದ ದಿನ ತುಂಬ ಚೆನ್ನಾಗಿ ಬಂತು ಎಂದು ಖುಷಿಪಟ್ಟಿದ್ದೆ.

ಪುಸ್ತಕ ಬಂದು ವರ್ಷದ ಮೇಲೆ ಮಾಸ್ತರರು ನಮ್ಮ ಮನೆಗೆ ಬಂದರು. ಅವರಿಗೆ ಓದಲು ಬರುತ್ತಿರಲಿಲ್ಲ ಎಂದು ನಾನು ಅಂದುಕೊಂಡಿದ್ದೆ. ಬರುತ್ತಿತ್ತು. ಕಂಪನಿಯ ಹುಡುಗನೊಬ್ಬ ಪುಸ್ತಕ ತಂದುಕೊಟ್ಟಿದ್ದನಂತೆ. ಚಹಾ ಕುಡಿದು ಲೋಟ ಕೆಳಗಿಟ್ಟು ಹೇಳಿದರು: "ಯವ್ವಾ, ಕುಡಿತಿದ್ದೆ ಅಂತ ಬರದೀ, ಖರೇನ. ಹೆಂಡ್ತಿ ಬಾಗಲಾ ಹಾಕ್ಕೊಂಡ್ಳು ಅಂತ ಬರದೀ, ಅದೂ ಖರೇ. ಪೇಟಿ ಅಡವಿಟ್ಟೆ ಅಂತ ಯಾಕ ಬರದೀ? ಪೇಟಿ ನಾ ಯಾವತ್ತೂ ಅಡವಿಟ್ಟಿಲ್ಲ."

ಬರೀ ಬೇಜಾರಿನ ಮಾತಲ್ಲ ಅದು. ಆ ವರ್ಷ ಜಾತ್ರೆಗೆ ಮೊದಲು ಕಂಪನಿ ಯಜಮಾನರು ಮುಂಗಡ ಕೊಡಲು ಹಿಂದೆಮುಂದೆ ನೋಡಿದ್ದರಂತೆ. ಪೇಟಿ ಅಡವಿಟ್ಟವನು ನಾಳೆ ಕ್ಯಾಂಪಿಗೆ ಬರಿಗೈಯಲ್ಲಿ ಬಂದರೆ ಏನು ಗತಿ ಎಂದು. ಸೋಪಿನ ಡಬ್ಬಿಯ ಮುಚ್ಚಳವನ್ನು ಆ ಕಡೆಯ ಕಂಪನಿಯವರೆಲ್ಲ ಕಂಡಿದ್ದರು. ಅದು ಇದ್ದದ್ದಕ್ಕೆ ಅವರೇ ಎಂದು ಗೊತ್ತಾಯಿತು. ಅವರೇ ಎಂದು ಗೊತ್ತಾದ ಮೇಲೆ ನಾನು ಹುಟ್ಟಿಸಿದ್ದನ್ನೂ ಜನ ನಿಜ ಎಂದು ನಂಬಿದರು. ನಾನು ಪ್ರೀತಿಯಿಂದ ಬರೆದ ನಿಜವಾದ ಒಂದು ವಿವರವೇ ನನ್ನ ಸುಳ್ಳಿಗೆ ಸಾಕ್ಷಿ ಹೇಳಿತು.

ಆದ್ದರಿಂದ ನಿಮಗೆ ಹೇಳುವುದು ಇಷ್ಟೇ. ನೀವು ಏನನ್ನು ಬಯಲು ಮಾಡುತ್ತಿದ್ದೀರಿ ಎಂದು ಮಾತ್ರ ಯೋಚಿಸಬೇಡಿ. ಏನನ್ನು ಹುಟ್ಟಿಸಿ ಸೇರಿಸಿದ್ದೀರಿ ಎಂದು ಜಾಸ್ತಿ ಯೋಚಿಸಿ. ನಿಜವಾದರೆ ಅದಕ್ಕೆ ಅವರು ಏನಾದರೂ ಉತ್ತರ ಹೇಳಿಯಾರು. ನಡೆಯದೇ ಇದ್ದದ್ದನ್ನು ನಡೆದಿಲ್ಲ ಎಂದು ಅವರು ಹೇಗೆ ತೋರಿಸಬೇಕು?

ಜರ್ಮನಿಯಲ್ಲಿ ಇದೇ ವಿಷಯ ಅತಿ ದೊಡ್ಡ ಕೋರ್ಟಿನವರೆಗೆ ಹೋಗಿತ್ತು. ಗುಸ್ತಾಫ್ ಗ್ರುಂಡ್‌ಗೆನ್ಸ್ ಎಂಬ ನಟ ಇದ್ದ. ಜರ್ಮನ್ ಕವಿ ಗಯಟೆಯ 'ಫೌಸ್ಟ್' ನಾಟಕದ ಸೈತಾನ ಮೆಫಿಸ್ಟೋನ ಪಾತ್ರಕ್ಕೆ ಹೆಸರಾದವನು. ಲೇಖಕ ಕ್ಲಾಸ್ ಮಾನ್‌ನ ಅಕ್ಕ ಎರಿಕಾಳನ್ನು ಮದುವೆಯಾಗಿ ಕೆಲವೇ ವರ್ಷಗಳಲ್ಲಿ ಬಿಟ್ಟಿದ್ದ. ಹಿಟ್ಲರ್ ಬಂದಾಗ ಕ್ಲಾಸ್ ಮಾನ್ ದೇಶ ಬಿಟ್ಟ. ಗ್ರುಂಡ್‌ಗೆನ್ಸ್ ಅಲ್ಲೇ ಉಳಿದು, ಹಿಟ್ಲರನ ಆಪ್ತ ಮಂತ್ರಿ ಗೋರಿಂಗ್‌ನ ಕೃಪೆಯಲ್ಲಿ ಬರ್ಲಿನ್ನಿನ ಸರ್ಕಾರಿ ರಂಗಮಂದಿರದ ಮುಖ್ಯಸ್ಥನಾದ. 1936ರಲ್ಲಿ ಕ್ಲಾಸ್ ಮಾನ್ ಆಮ್‌ಸ್ಟರ್‌ಡಾಮಿನಲ್ಲಿ 'ಮೆಫಿಸ್ಟೋ' ಎಂಬ ಕಾದಂಬರಿ ಪ್ರಕಟಿಸಿದ. ಅದರ ನಾಯಕ ಹೆಂಡ್ರಿಕ್ ಹೋಫ್‌ಗೆನ್ ಎಂಬ ನಟ. ಹೆಸರು ಬೇರೆ, ಆದರೆ ಅದು ಯಾರೆಂಬುದರಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ. ಇಲ್ಲಿರುವುದು ಮನುಷ್ಯರ ಮಾದರಿಗಳು, ಯಾರ ಭಾವಚಿತ್ರವೂ ಅಲ್ಲ ಎಂದು ಪುಸ್ತಕದಲ್ಲೇ ಬರೆದಿದ್ದ. ಅದರಿಂದ ಏನೂ ಆಗಲಿಲ್ಲ. ಗ್ರುಂಡ್‌ಗೆನ್ಸ್ 1963ರಲ್ಲಿ ತೀರಿಕೊಂಡ ಮೇಲೆ ಅವನ ದತ್ತುಮಗ ಕೋರ್ಟಿಗೆ ಹೋದ. ಪಶ್ಚಿಮ ಜರ್ಮನಿಯಲ್ಲಿ ಪುಸ್ತಕಕ್ಕೆ ತಡೆ ಬಿತ್ತು. 1971ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯದ ನ್ಯಾಯಾಧೀಶರು ಮೂವರು ಈ ಕಡೆ, ಮೂವರು ಆ ಕಡೆ ಆದರು. ಹಾಗಾಗಿ ತಡೆ ಹಾಗೇ ಉಳಿಯಿತು. ಅಷ್ಟಾದರೂ 1981ರಲ್ಲಿ ಒಬ್ಬ ಪ್ರಕಾಶಕರು ಅಲ್ಲೇ ಧೈರ್ಯ ಮಾಡಿ ಅಚ್ಚು ಹಾಕಿದರು.

ಕ್ಲಾಸ್ ಮಾನ್ ಆ ನಟನ ಅಪ್ಪಣೆ ಕೇಳಬೇಕಿತ್ತು ಎಂದು ನಾನು ಹೇಳುವುದಿಲ್ಲ. ಅವನು ಬರೆದದ್ದು ಅಧಿಕಾರದ ಪಕ್ಕ ನಿಂತು ಮೇಲೇರಿದ ಒಬ್ಬ ದೊಡ್ಡ ಮನುಷ್ಯನ ಮೇಲೆ. ಅದು ಬರೆಯಲೇಬೇಕಾದ ಪುಸ್ತಕ. ಆದರೆ ನಾಯಕನಿಗೆ ಒಬ್ಬ ನರ್ತಕಿಯ ಜೊತೆ ಗುಟ್ಟಿನ, ಹಿಂಸೆಯ ಸಂಬಂಧ ಇತ್ತು ಎಂದೂ ಅವನು ಹುಟ್ಟಿಸಿ ಸೇರಿಸಿದ್ದ. ಅದು ಆ ನಟನ ಬಾಳಿನಲ್ಲಿ ಇರಲಿಲ್ಲ. ಕೋರ್ಟಿನಲ್ಲಿ ಆ ಭಾಗವೂ ಪುಸ್ತಕದ ವಿರುದ್ಧ ಎದ್ದು ಬಂತು. ನಾಜಿಗಳ ಜೊತೆ ಕೈಜೋಡಿಸಿದ್ದು ನಿಜವೇ ಇದ್ದಾಗ, ಮಲಗುವ ಕೋಣೆಯ ಸುಳ್ಳು ಯಾಕೆ ಬೇಕಿತ್ತು? ನಿಜದ ಬಲವನ್ನೇ ಅದು ಕಡಿಮೆ ಮಾಡಿತು ಎಂದು ನನಗೆ ಅನಿಸುತ್ತದೆ.

ನಿಮ್ಮ ಸ್ತ್ರೀವೇಷಧಾರಿ ಅಧಿಕಾರದ ಪಕ್ಕ ನಿಂತವರಲ್ಲ. ಕಾರ್ತಿಕದಲ್ಲಿ ಮೇಳ ಹೊರಟರೆ ಮಳೆಗಾಲದ ಹೊತ್ತಿಗೆ ಮನೆ ಸೇರುತ್ತಿದ್ದವರು. ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಕೂತು ತಾವೇ ಬಣ್ಣ ಹಚ್ಚಿಕೊಂಡು, ಬೆಳಗಿನ ಜಾವದವರೆಗೆ ಕುಣಿದು, ಮರುದಿನ ಇನ್ನೊಂದು ಊರು. ಈಗ ಅವರ ಹತ್ತಿರ ಉಳಿದಿರುವ ಆಸ್ತಿ ಎಂದರೆ ಹೆಸರೊಂದೇ.

2007ರಲ್ಲಿ ಅದೇ ಜರ್ಮನ್ ನ್ಯಾಯಾಲಯ 'ಎಸ್ರಾ' ಎಂಬ ಇನ್ನೊಂದು ಕಾದಂಬರಿಯ ಬಗ್ಗೆ ತೀರ್ಪು ಕೊಟ್ಟಿತು. ಒಬ್ಬ ಹೆಣ್ಣುಮಗಳು ಮತ್ತು ಅವಳ ತಾಯಿ, ಇಬ್ಬರೂ ಪುಸ್ತಕದಲ್ಲಿ ತಮ್ಮನ್ನು ಗುರುತಿಸಿಕೊಂಡಿದ್ದರು. ತಾಯಿಯ ದೂರನ್ನು ಕೋರ್ಟ್ ಒಪ್ಪಲಿಲ್ಲ, ಮಗಳದನ್ನು ಒಪ್ಪಿತು. ಯಾಕೆಂದರೆ ಮಗಳ ಅತಿ ಖಾಸಗಿ ವಿಷಯಗಳು ಅದರಲ್ಲಿದ್ದವು. ಪಾತ್ರ ನಿಜವಾದ ಮನುಷ್ಯರಿಗೆ ಎಷ್ಟು ಹತ್ತಿರವೋ ಅವರಿಗೆ ಆಗುವ ನೋವಿನ ತೂಕ ಅಷ್ಟು ಹೆಚ್ಚು, ಕತೆ ಅವರ ಒಳಮನೆಗೆ ಎಷ್ಟು ಹೋಗುತ್ತದೋ ಪಾತ್ರವನ್ನು ಅಷ್ಟು ದೂರ ಒಯ್ಯಬೇಕು ಎಂಬುದು ಆ ತೀರ್ಪಿನ ತಿರುಳು. ನಮ್ಮ ದೇಶದ ಕೋರ್ಟು ಅದಕ್ಕೆ ಕಟ್ಟುಬಿದ್ದಿಲ್ಲ. ಆದರೂ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ನಾನು ಕಂಡಿಲ್ಲ.

ನಮ್ಮಲ್ಲಿ? ಮಾನನಷ್ಟಕ್ಕೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಇದೆ. ಎರಡು ವರ್ಷದವರೆಗೆ ಸಜೆ ಆಗಬಹುದು. ಒಬ್ಬರ ಮನೆ, ಮದುವೆ, ಮಕ್ಕಳ ವಿಷಯವನ್ನು ಅವರ ಒಪ್ಪಿಗೆ ಇಲ್ಲದೆ ಪ್ರಕಟಿಸುವಂತಿಲ್ಲ, ಕೋರ್ಟಿನಂಥ ಸಾರ್ವಜನಿಕ ದಾಖಲೆಯಲ್ಲಿ ಇದ್ದದ್ದಕ್ಕೆ ಮಾತ್ರ ಈ ತಡೆ ಸಾಮಾನ್ಯವಾಗಿ ಇಲ್ಲ ಎಂದು 1994ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹೆಚ್ಚಿನದನ್ನು ವಕೀಲರ ಹತ್ತಿರ ಕೇಳಿ.

ಈಗ ನಿಮ್ಮ ಹಸ್ತಪ್ರತಿಗೆ ಬನ್ನಿ. ಆ ಮೇಳದಲ್ಲಿ ತಿರುಗಾಟ ಮಾಡಿದ ಒಬ್ಬರಿಗೆ ಮೊದಲ ಹತ್ತು ಪುಟ ಕೊಡಿ. "ಇದು ಅವರೇ" ಎಂದರೆ ನಿಮ್ಮ ಮರೆಮಾಚುವಿಕೆ ಏನೂ ಕೆಲಸ ಮಾಡಿಲ್ಲ. ಆಮೇಲೆ ಒಂದು ಕೆಂಪು ಪೆನ್ನು ಹಿಡಿದು ನೀವು ಹುಟ್ಟಿಸಿದ ಪ್ರತಿ ಘಟನೆಗೂ ಗೆರೆ ಎಳೆಯಿರಿ. ಅದರಲ್ಲಿ ಅವರ ಕಸುಬಿಗೆ ಸೇರಿದ್ದನ್ನು ಮೊದಲು ನೋಡಿ. ಕುಡಿದು ರಂಗಸ್ಥಳಕ್ಕೆ ಬಂದರು, ಹರಕೆ ಹೊತ್ತವರು ಆಡಿಸುವ ಆಟಕ್ಕೆ ಕೈಕೊಟ್ಟರು, ಕಿರಿಯನ ಪಾತ್ರ ತಪ್ಪಿಸಿದರು ಎಂಬಂಥದ್ದು. ಕಲಾವಿದರಿಗೆ ಇವು ತಾಗುವಷ್ಟು ಬೇರೆ ಯಾವುದೂ ತಾಗುವುದಿಲ್ಲ. ನಡೆದಿಲ್ಲವಾದರೆ ತೆಗೆದುಹಾಕಿ.

ಆ ಗುಟ್ಟಿನ ಬಗ್ಗೆ ಗಟ್ಟಿಯಾಗಿಯೇ ಹೇಳುತ್ತೇನೆ. ಅದರಲ್ಲಿ ಆ ಕಲಾವಿದರು ಒಬ್ಬರೇ ಇಲ್ಲ. ಇನ್ನೂ ಇಬ್ಬರಿದ್ದಾರೆ, ಅವರು ಯಾವ ರಂಗಸ್ಥಳಕ್ಕೂ ಬಂದವರಲ್ಲ. ನಿಮ್ಮ ಹತ್ತಿರ ಇರುವ ಆಧಾರ ಅಪ್ಪನ ಮಾತು ಮಾತ್ರ. ಅಪ್ಪನ ಮೇಲೆ ನಿಮಗಿರುವ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಚೌಕಿಯಲ್ಲಿ ರಾತ್ರಿ ಕೇಳಿದ ಮಾತನ್ನು ಅಚ್ಚಿಗೆ ಕೊಡುವುದು ಬೇರೆಯೇ ವಿಷಯ. ಅದೇ ಜೀವಾಳ ಎಂದಾದರೆ, ಆ ಜೀವಾಳವನ್ನು ಇಟ್ಟುಕೊಂಡು ಮನುಷ್ಯರನ್ನು ಬಿಡಿ. ಬೇರೆ ಕಲೆ, ಬೇರೆ ಸೀಮೆ, ಬೇರೆ ಕಾಲ. ಅಥವಾ ಆ ಮನುಷ್ಯರನ್ನು ಇಟ್ಟುಕೊಂಡು ಗುಟ್ಟನ್ನು ಬಿಡಿ. ಎರಡೂ ಬೇಕು ಎಂದರೆ ನಾನು ಒಪ್ಪಲಾರೆ.

ಕೇಳಬೇಕಾ ಎಂದಿರಿ. ಹೋಗಿ ಅವರ ಮುಂದೆ ಕೂತು ಹೇಳಿ. ಸಹಿ ಹಾಕಿಸಿಕೊಳ್ಳಲಿಕ್ಕಲ್ಲ. ಸಹಿ ಇದ್ದರೂ ನೋವು ತಪ್ಪುವುದಿಲ್ಲ. ಗೆರ್ಹಾರ್ಡ್ ರಿಕ್ಟರ್ ಎಂಬ ಜರ್ಮನಿಯ ದೊಡ್ಡ ಚಿತ್ರಕಾರ ತನ್ನ ಬಾಳಿನ ಬಗ್ಗೆ ಒಬ್ಬ ಸಿನಿಮಾ ನಿರ್ದೇಶಕನ ಜೊತೆ ವಾರಗಟ್ಟಲೆ ಮಾತಾಡಿದ್ದರು. ನಾಜಿಗಳು ಕೊಂದ ಚಿಕ್ಕಮ್ಮನ ಕತೆಯೂ ಅದರಲ್ಲಿತ್ತು. ಕೊನೆಗೆ ತಮ್ಮ ಹೆಸರು ಬಳಸಬೇಡಿ ಅಂದರು. 2018ರಲ್ಲಿ ಬೇರೆ ಹೆಸರಿನ ನಾಯಕನೊಂದಿಗೆ ಸಿನಿಮಾ ಬಂತು. ತನ್ನ ಬದುಕನ್ನು ಕೆಟ್ಟದಾಗಿ ತಿರುಚಿದ್ದಾರೆ ಎಂದು ಅವರು ಬೇಸರಪಟ್ಟರು. ಅಷ್ಟು ಮಾತಾಡಿದ ಮೇಲೂ ಹೀಗಾಯಿತು. ಆದರೂ ಹೋಗಿ. ನಿಮ್ಮ ಪುಟಗಳನ್ನು ನೀವೇ ಓದಿ ಹೇಳಿ. ಅವರು ಎಲ್ಲಿ ಸುಮ್ಮನಾಗುತ್ತಾರೆ ಎಂದು ಗಮನಿಸಿ. ಅಚ್ಚಿಗೆ ಕೊಡುವ ಮೊದಲು ನಾನು ಮಾಸ್ತರರಿಗೆ ಹನ್ನೊಂದನೇ ಅಧ್ಯಾಯ ಓದಿ ಹೇಳಿದ್ದರೆ ಎರಡು ನಿಮಿಷದಲ್ಲಿ ಸರಿಹೋಗುತ್ತಿತ್ತು.

ಪ್ರಶ್ನೆ: ಕಾದಂಬರಿ ಎಂದ ಮೇಲೆ ಕಲ್ಪನೆ ಅಂತ ಎಲ್ಲರಿಗೂ ಗೊತ್ತಿರುತ್ತದೆ ಅಲ್ವಾ ಮೇಡಂ? ಸತ್ತ ಕಲಾವಿದರ ಬಗ್ಗೆ ಬರೆದರೆ ತಪ್ಪಿಲ್ಲ, ಬದುಕಿದ್ದರೆ ಮಾತ್ರ ತಪ್ಪು ಅನ್ನುವುದು ಯಾವ ನ್ಯಾಯ? (ವಿದ್ಯಾರ್ಥಿ, ಮೈಸೂರು)

ಉತ್ತರ: ಬದುಕಿದ್ದವರ ಬಗ್ಗೆ ಬರೆಯುವುದೇ ತಪ್ಪು ಎಂದು ನಾನು ಎಲ್ಲೂ ಹೇಳಿಲ್ಲ. ಒಂದು ವ್ಯತ್ಯಾಸ ಇದೆ, ಅಷ್ಟೇ. ಬದುಕಿರುವವರ ಕತೆ ಮುಗಿದಿಲ್ಲ. ಕಾದಂಬರಿಗೋ ಒಂದು ಕೊನೆ ಬೇಕು.

ಲೇಖಕ ಎಮಿಲ್ ಜೋಲಾ ಮತ್ತು ಚಿತ್ರಕಾರ ಪಾಲ್ ಸೆಜಾನ್ ಫ್ರಾನ್ಸಿನ ಎಕ್ಸ್ ಎಂಬ ಊರಿನಲ್ಲಿ ಶಾಲೆಯಿಂದಲೇ ಗೆಳೆಯರು. ಹುಡುಗರು ಜೋಲಾನನ್ನು ಪೀಡಿಸಿದಾಗ ಸೆಜಾನ್ ಅವನ ಪರ ನಿಂತನಂತೆ, ಮರುದಿನ ಜೋಲಾ ಒಂದು ಬುಟ್ಟಿ ಸೇಬು ತಂದುಕೊಟ್ಟನಂತೆ. ಮುದಿವಯಸ್ಸಿನಲ್ಲೂ ಸೆಜಾನ್ ಅದನ್ನು ನೆನೆಯುತ್ತಿದ್ದ. ಮುಂದೆ ಜೋಲಾ ದೊಡ್ಡ ಕಾದಂಬರಿಕಾರನಾದ. 1886ರಲ್ಲಿ 'ಲವ್ರ್' (L'Œuvre) ಎಂಬ ಕಾದಂಬರಿ ತಂದ. ಫ್ರೆಂಚಿನಲ್ಲಿ ಹಾಗೆಂದರೆ ಕೃತಿ, ಕೆಲಸ. ಅದರ ನಾಯಕ ಕ್ಲಾಡ್ ಲ್ಯಾಂಟಿಯೇ ಒಬ್ಬ ಚಿತ್ರಕಾರ. ಪ್ರತಿಭೆ ಇದ್ದೂ ಚಿತ್ರ ಮುಗಿಸಲಾಗದೆ, ಆ ಅರ್ಧ ಚಿತ್ರದ ಮುಂದೆಯೇ ನೇಣು ಹಾಕಿಕೊಳ್ಳುತ್ತಾನೆ. ಕ್ಲಾಡ್ ಒಬ್ಬನಲ್ಲಿ ಹಲವು ಚಿತ್ರಕಾರರು ಸೇರಿದ್ದರು ನಿಜ. ಆದರೆ ಆ ಬಾಲ್ಯ, ಆ ಹೊಳೆಯ ಈಜು, ಆ ಬೆಟ್ಟದ ಸುತ್ತಾಟ ಎಲ್ಲ ಸೆಜಾನನದೇ. ಪುಸ್ತಕ ತಲುಪಿದಾಗ ಅವನಿಗೆ 47. ಏಪ್ರಿಲ್ 4ರಂದು ಜೋಲಾಗೆ ನಾಲ್ಕು ಸಾಲಿನ ಪತ್ರ ಬರೆದ. ಪುಸ್ತಕ ಬಂತು, ಹಳೆಯ ದಿನಗಳ ನೆನಪಿನಲ್ಲಿ ಕೈಕುಲುಕುತ್ತೇನೆ ಎಂದಷ್ಟೇ. ಅಲ್ಲಿಗೆ ಸ್ನೇಹ ಮುಗಿಯಿತು ಎಂದು ಬಹಳ ಕಾಲ ಎಲ್ಲರೂ ನಂಬಿದ್ದರು. ಮರುವರ್ಷದ ಇನ್ನೊಂದು ಪತ್ರ ಇತ್ತೀಚೆಗೆ ಸಿಕ್ಕಿದೆ. ಹಾಗಾಗಿ ಕಥೆ ಅಷ್ಟು ನೇರ ಅಲ್ಲ.

ನನ್ನನ್ನು ಕಾಡುವುದು ಬೇರೆ. ಪ್ಯಾರಿಸಿನಲ್ಲಿ ಸೆಜಾನನ ಚಿತ್ರಗಳದೇ ಮೊದಲ ಪ್ರದರ್ಶನ ನಡೆದದ್ದು 1895ರಲ್ಲಿ. ಅಂದರೆ ಕಾದಂಬರಿ ಬಂದು ಒಂಬತ್ತು ವರ್ಷದ ಮೇಲೆ. ಅವನ ದೊಡ್ಡ ಕೆಲಸ ಇನ್ನೂ ಮುಂದಿತ್ತು. ಗೆಳೆಯ ಅದಾಗಲೇ ಅವನನ್ನು ಸೋತವನನ್ನಾಗಿ ಮಾಡಿ, ಕೊಂದು, ಹೂತೂ ಆಗಿತ್ತು. ಬೆಳಗ್ಗೆ ಎದ್ದು ಬ್ರಷ್ ಹಿಡಿಯುವಾಗ ಆ ಪುಸ್ತಕ ಅವನ ಮನೆಯಲ್ಲೇ ಇತ್ತಲ್ಲ ಎಂದು ಯೋಚಿಸಿ ನೋಡಿ.

ಸತ್ತವರ ಬಗ್ಗೆ ಬರೆದರೂ ಪೂರ್ತಿ ಬಿಡುಗಡೆ ಇಲ್ಲ. ಗೊಗ್ಯಾಂ ಎಂಬ ಚಿತ್ರಕಾರ 1903ರಲ್ಲಿ ತೀರಿಕೊಂಡ. ಅವನ ಬದುಕಿನ ನೆರಳಿನಲ್ಲಿ ಇಂಗ್ಲಿಷ್ ಲೇಖಕ ಸಾಮರ್‌ಸೆಟ್ ಮಾಮ್ ಕಾದಂಬರಿ ಬರೆದದ್ದು 1919ರಲ್ಲಿ. ಅದರಲ್ಲಿ ಹೆಂಡತಿಯ ಪಾತ್ರವೂ ಇದೆ. ಗೊಗ್ಯಾಂನ ಹೆಂಡತಿ ಆಗ ಇನ್ನೂ ಬದುಕಿದ್ದರು. ನಮ್ಮ ಕಾನೂನೂ ತೀರಿಕೊಂಡವರ ಮಾನವನ್ನು ಪೂರಾ ಕೈಬಿಟ್ಟಿಲ್ಲ. ಮನೆಯವರ ಮನಸ್ಸು ನೋಯಿಸುವ ಉದ್ದೇಶ ಇದ್ದರೆ ಅದೂ ಮಾನನಷ್ಟವೇ.

ಕಲ್ಪನೆ ಎಂದು ಎಲ್ಲರಿಗೂ ಗೊತ್ತು ಅಂದಿರಲ್ಲ, ಆ ಕಂಪನಿ ಯಜಮಾನರಿಗೂ ಅದು ಕಾದಂಬರಿ ಎಂದು ಗೊತ್ತಿತ್ತು.

ಪ್ರಶ್ನೆ: ನನ್ನ ತಂದೆ ತೊಗಲುಗೊಂಬೆ ಆಡಿಸುವವರು. ಅವರ ಬಗ್ಗೆ ಒಬ್ಬರು ಕತೆ ಬರೆದಿದ್ದಾರೆ, ಒಂದು ಸಂಕಲನದಲ್ಲಿ ಬಂದಿದೆ. ಹೆಸರು ಬೇರೆ, ಆದರೆ ನಮ್ಮ ಊರಿನವರೆಲ್ಲ ಗುರುತು ಹಿಡಿದಿದ್ದಾರೆ. ಗೊಂಬೆಗಳನ್ನು ಪೇಟೆಯ ವ್ಯಾಪಾರಿಗೆ ಮಾರಿಕೊಂಡರು ಎಂದು ಬರೆದಿದ್ದಾರೆ. ಅಪ್ಪ ಏನೂ ಮಾತಾಡುತ್ತಿಲ್ಲ. ನಾವು ಏನು ಮಾಡಬೇಕು ಅಕ್ಕಾ? (ಬಳ್ಳಾರಿ ಜಿಲ್ಲೆ)

ಉತ್ತರ: ತಂಗಿ, ನಿನ್ನ ಪತ್ರ ಓದಿ ಎರಡು ದಿನ ಬೇರೆ ಏನೂ ಬರೆಯಲಾಗಲಿಲ್ಲ. ನಾನು ಹಿಂದೊಮ್ಮೆ ಮಾಡಿದ್ದೇ ಇದು.

ಮೊದಲು ಅಪ್ಪನ ಹತ್ತಿರ ಕೂತು ಆ ಕತೆಯನ್ನು ಜೋರಾಗಿ ಓದಿ ಹೇಳು. ಊರಿನವರು ಹೇಳಿದ್ದನ್ನು ಕೇಳಿ ಅವರು ಇಲ್ಲದ್ದನ್ನೂ ಊಹಿಸಿಕೊಂಡಿರಬಹುದು. ಓದಿದ ಮೇಲೆ ಒಂದೇ ಕೇಳು: ಯಾವ ಸಾಲು? ಅವರಿಗೆ ಪೂರ್ತಿ ಕತೆ ಬೇಡವಾಗಿರಬಹುದು. ಒಂದೇ ಸಾಲು ಚುಚ್ಚುತ್ತಿರಬಹುದು. ನೀನು ಅಂದುಕೊಂಡ ಸಾಲೇ ಆಗಿರಬೇಕೆಂದಿಲ್ಲ.

ಆಮೇಲೆ ಬರೆದವರಿಗೆ ಒಂದು ಪತ್ರ ಬರಿ. ಪುಟದ ಸಂಖ್ಯೆ ಹಾಕು, ಸಾಲನ್ನು ಹಾಗೇ ಎತ್ತಿ ಬರಿ, ಇದು ನಡೆದಿಲ್ಲ ಎಂದು ಹೇಳು. ಒಂದು ಪ್ರತಿ ಪ್ರಕಾಶಕರಿಗೂ ಸ್ಪೀಡ್ ಪೋಸ್ಟಿನಲ್ಲಿ ಕಳಿಸು, ರಸೀತಿ ಇಟ್ಟುಕೋ. ಬೈಯಬೇಡ. ಬರೆದವರು ಕೆಟ್ಟವರೇ ಆಗಿರಬೇಕಿಲ್ಲ, ನಿನ್ನ ಅಪ್ಪನ ಗೊಂಬೆಗಳನ್ನು ಪ್ರೀತಿಯಿಂದ ನೋಡಿದವರೇ ಇರಬಹುದು. ಅವರು ಒಪ್ಪದೇ ಹೋದರೆ ವಕೀಲರ ಹತ್ತಿರ ಹೋಗುವ ದಾರಿ ಇದ್ದೇ ಇದೆ. ಅದು ಎರಡನೆಯ ಹೆಜ್ಜೆ.

ಎರಡು ಕೇಳು. ಮುಂದಿನ ಮುದ್ರಣದಲ್ಲಿ ಆ ಸಾಲು ಬದಲಾಗಬೇಕು ಎಂಬುದು ಒಂದು. ಮುಂದಿನ ಮುದ್ರಣ ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ. ಹಾಗಾಗಿ ಇನ್ನೊಂದನ್ನು ಈಗಲೇ ಕೇಳು: ಅವರ ಕೈಬರಹದಲ್ಲಿ, ಸಹಿ ಹಾಕಿದ ಒಂದು ಚೀಟಿ.

ನಮ್ಮ ಪೇಟಿ ಮಾಸ್ತರರು ಆ ದಿನ ನನ್ನ ಹತ್ತಿರ ದುಡ್ಡು ಕೇಳಲಿಲ್ಲ. ಪುಸ್ತಕ ಸುಡು ಅನ್ನಲಿಲ್ಲ. "ಒಂದು ಚೀಟಿ ಬರದು ಕೊಡವಾ, ಯಜಮಾನ್ರಿಗೆ ತೋರಸ್ತೀನಿ" ಅಂದರು. ಮಗಳ ನೋಟ್‌ಬುಕ್ಕಿನ ಹಾಳೆ ಹರಿದು ಬರೆದೆ. ಪೇಟಿ ಅಡವಿಟ್ಟ ಸಂಗತಿ ನಾನು ಕಲ್ಪಿಸಿದ್ದು, ಈ ಮಾಸ್ತರರು ಎಂದೂ ಹಾಗೆ ಮಾಡಿದವರಲ್ಲ. ಕೆಳಗೆ ಸಹಿ, ತಾರೀಖು. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. "ಎಂದೂ" ಅನ್ನುವ ಪದದ ಮೇಲೆ ಬೆರಳಿಟ್ಟು ತಲೆಯಾಡಿಸಿದರು. ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು, ಊಟಕ್ಕೆ ನಿಲ್ಲಿ ಎಂದರೂ ನಿಲ್ಲದೆ, ಗದಗಿನ ಬಸ್ಸಿಗೆ ಹೊರಟರು.